ಅಮ್ಮನ ಆರೂವರೆ ಸೀರಿಯಲ್ಲು, ಬಾಕ್ಸಿನ ಇಂಗ್ಲಿಷು

ಹಾಸ್ಟೆಲ್‌ನಲ್ಲಿ ಯಾರ ಮುಂದೆಯಾದರೂ "ಸೆಟ್ ಟಾಪ್ ಬಾಕ್ಸ್‌ನಲ್ಲಿ ಸೀರಿಯಲ್ ರೆಕಾರ್ಡ್ ಮಾಡೋದು" ಅಂತ ಮಾತು ತೆಗೆದು ನೋಡಿ. ಮೊದಲು ನಗ್ತಾರೆ. ಆಮೇಲೆ "ಆ್ಯಪ್ ಇದೆಯಲ್ಲ ಗುರೂ, ಅದೆಲ್ಲ ಯಾಕೆ?" ಅಂತಾರೆ. ಡಿಶ್ಶು, ರಿಮೋಟು, ಬಾಕ್ಸಿನೊಳಗಿನ ಹಾರ್ಡ್ ಡಿಸ್ಕು ಇವೆಲ್ಲ ನಮ್ಮ ಬ್ಯಾಚಿನವರಿಗೆ ಫ್ಲಾಪಿ ಇದ್ದ ಹಾಗೆ, ಹಳೇ ಎಡಿಷನ್ ಪುಸ್ತಕದಲ್ಲಿ ಮಾತ್ರ ಬರೋ ವಸ್ತು. ನನ್ನ ವಾದ ಬೇರೆ. ಟಿವಿ ಇತಿಹಾಸದಲ್ಲಿ ನೋಡುವವರ ಪರವಾಗಿ ಬಂದ ಯಂತ್ರ ಅಂತ ಒಂದಿದ್ದರೆ ಅದು ತಾನಾಗೇ ರೆಕಾರ್ಡ್ ಮಾಡಿಕೊಳ್ಳೋ ಈ ಡಿಶ್ ಬಾಕ್ಸ್. ಅದು ನಮ್ಮೂರುಗಳಲ್ಲಿ ಮೂಲೆ ಸೇರಿದ್ದು ಹಳೇದಾಯ್ತು ಅಂತ ಅಲ್ಲ. ಅದು ಯಾರಿಗೆ ನಿಜವಾಗಿ ಬೇಕಿತ್ತೋ ಅವರ ಭಾಷೇಲಿ ಅದು ಒಂದು ಅಕ್ಷರಾನೂ ತೋರಿಸಲಿಲ್ಲ.

ಮೊದಲು ಒಂದು ವ್ಯತ್ಯಾಸ ಹೇಳಿಬಿಡ್ತೀನಿ. ರೆಕಾರ್ಡಿಂಗ್ ಎರಡು ಥರ. ಒಂದು ಗಡಿಯಾರ ನೋಡಿ ಮಾಡೋದು: ಸೋಮವಾರದಿಂದ ಶನಿವಾರ, ಸಂಜೆ 6.30ರಿಂದ 7, ಇಂಥ ಚಾನೆಲ್. ವಿಸಿಆರ್ ಕಾಲದಿಂದ ಇರೋದು ಇದೇ. ಇನ್ನೊಂದು ಹೆಸರು ನೋಡಿ ಮಾಡೋದು: ಈ ಸೀರಿಯಲ್ ಯಾವಾಗ ಬಂದರೂ ಹಿಡಿ. ಗಡಿಯಾರದ್ದಕ್ಕೆ ತಲೆ ಇಲ್ಲ. ಸೀರಿಯಲ್ ಏಳು ಗಂಟೆಗೆ ಜಾರಿದರೂ ಅದು ಆರೂವರೆಗೇ ಎದ್ದು ಏನು ಬರ್ತಿದೆಯೋ ಅದನ್ನ ತುಂಬಿಕೊಳ್ಳುತ್ತೆ. ಒಂದು ಗಂಟೆಯ ಮಹಾಸಂಚಿಕೆ ಬಂದ ದಿನ ಅರ್ಧಕ್ಕೇ ನಿಲ್ಲಿಸಿ ಮಲಗುತ್ತೆ, ಅದೂ ಸರಿಯಾಗಿ ವಿಲನ್ ಬಾಗಿಲು ತೆಗೆಯೋ ಹೊತ್ತಿಗೆ.

ಹೆಸರಿನದು ಹಾಗಲ್ಲ. ಉಪಗ್ರಹದಿಂದ ಬರೋ ಸಿಗ್ನಲ್‌ನಲ್ಲಿ ಚಿತ್ರ, ಧ್ವನಿ ಜೊತೆ ಒಂದು ಪಟ್ಟಿಯೂ ಬರ್ತಿರುತ್ತೆ. ಯಾವ ಚಾನೆಲ್, ಯಾವ ಕಾರ್ಯಕ್ರಮ, ಎಷ್ಟು ಗಂಟೆಗೆ ಶುರು, ಎಷ್ಟು ಹೊತ್ತು. ರಿಮೋಟ್‌ನಲ್ಲಿ ಗೈಡ್ ಒತ್ತಿದಾಗ ಕಾಣೋದು ಇದೇ. ಸೀರೀಸ್ ರೆಕಾರ್ಡಿಂಗ್ ಹಾಕಿದ ಬಾಕ್ಸ್ ಈ ಪಟ್ಟಿಯನ್ನ ಆಗಾಗ ಓದಿಕೊಂಡು, ನೀವು ಹೇಳಿದ ಸೀರಿಯಲ್ ಕಂಡ ಕಡೆಯೆಲ್ಲ ಗುರುತು ಹಾಕಿಕೊಳ್ಳುತ್ತೆ. ಟಿವಿ ಆಫ್ ಇದ್ದರೂ ಪರವಾಗಿಲ್ಲ. ಬಾಕ್ಸಿಗೆ ಕರೆಂಟ್, ಡಿಶ್‌ನಿಂದ ಸಿಗ್ನಲ್, ಎರಡಿದ್ದರೆ ಸಾಕು, ಹೊತ್ತಿಗೆ ಸರಿಯಾಗಿ ಎದ್ದು ಬರೆದುಕೊಳ್ಳುತ್ತೆ. ವಿಡಿಯೋ ಕಂಪ್ರೆಸ್ ಮಾಡೋ ಕಷ್ಟವೂ ಅದಕ್ಕಿಲ್ಲ. ಚಾನೆಲ್‌ನವರು ಮೇಲಕ್ಕೆ ಕಳಿಸುವಾಗಲೇ ಕುಗ್ಗಿಸಿ ಕಳಿಸಿರ್ತಾರೆ. ಬಂದ ಬಿಟ್‌ಗಳನ್ನ ಹಾಗ್‌ಹಾಗೇ ಡಿಸ್ಕಿಗೆ ಸುರಿಯೋದಷ್ಟೇ ಕೆಲಸ. ಸೆಕೆಂಡಿಗೆ 2.5 ಮೆಗಾಬಿಟ್ ಅಂತ ಲೆಕ್ಕ ಹಿಡಿದರೆ ಅರ್ಧ ಗಂಟೆಯ ಒಂದು ಕಂತು ಅರ್ಧ ಜಿಬಿಗಿಂತ ಸ್ವಲ್ಪ ಜಾಸ್ತಿ. 500 ಜಿಬಿ ಡಿಸ್ಕಿನಲ್ಲಿ ಎಂಟುನೂರಕ್ಕೂ ಹೆಚ್ಚು ಕಂತು ಹಿಡಿಸುತ್ತೆ. ನಮ್ಮ ಸೀರಿಯಲ್‌ಗಳ ಉದ್ದಕ್ಕೆ ಅದೂ ಸಾಲದು ಅನ್ನೋದು ಬೇರೆ ಮಾತು.

ಈ ಹೆಸರು ಹಿಡಿದು ರೆಕಾರ್ಡ್ ಮಾಡೋ ಐಡಿಯಾ ಮನೆಮನೆಗೆ ಬಂದಿದ್ದು 1999ರಲ್ಲಿ, ಅಮೆರಿಕದಲ್ಲಿ. ಟಿವೋ, ರಿಪ್ಲೇಟಿವಿ ಅಂತ ಎರಡು ಬಾಕ್ಸ್‌ಗಳು ಬಂದವು. ಟಿವೋದವರು ಇದಕ್ಕೆ ಸೀಸನ್ ಪಾಸ್ ಅಂತ ಹೆಸರಿಟ್ಟರು. ನಮ್ಮ ಬಸ್ ಪಾಸ್ ಇದ್ದ ಹಾಗೆ, ಒಂದು ಸಲ ಮಾಡಿಸಿದರೆ ದಿನಾ ಕೇಳೋ ಹಾಗಿಲ್ಲ. 2000ದಲ್ಲಿ ಅಲ್ಲಿನ ಡೈರೆಕ್ಟಿವಿ ಡಿಶ್ ಬಾಕ್ಸಿನೊಳಗೇ ಟಿವೋ ಸೇರಿಕೊಂಡಿತು. ಆದರೆ ಇದಕ್ಕೆಲ್ಲ ದಾರಿ ಮಾಡಿದ್ದು 1984ರ ಒಂದು ತೀರ್ಪು. ಸಿನಿಮಾ ಕಂಪನಿಗಳು ಸೋನಿಯ ಬೀಟಾಮ್ಯಾಕ್ಸ್ ಮೇಲೆ ಕೇಸ್ ಹಾಕಿದ್ದವು, ಮನೇಲಿ ರೆಕಾರ್ಡ್ ಮಾಡೋದು ಕಳ್ಳತನ ಅಂತ. ಅಮೆರಿಕದ ಸುಪ್ರೀಂ ಕೋರ್ಟ್, ಆಮೇಲೆ ನೋಡೋಕೆ ಅಂತ ಮನೇಲಿ ರೆಕಾರ್ಡ್ ಮಾಡಿಕೊಳ್ಳೋದು ತಪ್ಪಲ್ಲ ಅಂದಿತು. ಐದು ಜನ ಆ ಕಡೆ, ನಾಲ್ಕು ಜನ ಈ ಕಡೆ. ಒಬ್ಬ ಜಡ್ಜ್ ಮನಸ್ಸು ಬದಲಾಯಿಸಿದ್ದರೆ ಈ ಲೇಖನಕ್ಕೆ ವಿಷಯಾನೇ ಇರ್ತಿರಲಿಲ್ಲ. ನಮ್ಮ ದೇಶಕ್ಕೆ ಇದು ಎಲ್ಲರಿಗೂ ಗೊತ್ತಾಗೋ ಹಾಗೆ ಬಂದಿದ್ದು 2008ರಲ್ಲಿ, ಟಾಟಾ ಸ್ಕೈ ಪ್ಲಸ್ ರೂಪದಲ್ಲಿ. ಆಗ ನಾವೆಲ್ಲ ಅಂಗನವಾಡಿ ವಯಸ್ಸಿಗೂ ಬಂದಿರಲಿಲ್ಲ.

ಸರಿ, ಇದರಿಂದ ಯಾರಿಗೆ ಏನು ಸಿಕ್ಕಿತು? ನಮ್ಮ ಮನೆ ಲೆಕ್ಕ ಹೇಳ್ತೀನಿ, ಯಾಕಂದ್ರೆ ನನಗೆ ಚೆನ್ನಾಗಿ ಗೊತ್ತಿರೋದು ಅದೊಂದೇ. ನಮ್ಮೂರು ಹಾಸನ ಜಿಲ್ಲೆ, ಅರಕಲಗೂಡು ಕಡೆ. ಮನೇಲಿ ಎರಡು ಹಸು. ಸಂಜೆ ಹಾಲು ಕರೆದು ಡೇರಿಗೆ ಹಾಕಿ ಬರೋದು ಅಮ್ಮನ ಕೆಲಸ. ಡೇರಿ ಬಾಗಿಲು ತೆಗೆಯೋದೂ ಆರೂವರೆ ಸೀರಿಯಲ್ ಶುರುವಾಗೋದೂ ಹೆಚ್ಚುಕಮ್ಮಿ ಒಂದೇ ಹೊತ್ತಿಗೆ. ಹಾಗಾಗಿ ನನಗೆ ಬುದ್ಧಿ ಬಂದಾಗಿನಿಂದ ಅಮ್ಮ ಆ ಹೊತ್ತಿನ ಸೀರಿಯಲ್ ನೋಡಿದ್ದಕ್ಕಿಂತ ಕೇಳಿದ್ದೇ ಜಾಸ್ತಿ. ಕ್ಯಾನ್ ಹಿಡಿದು ಕ್ಯೂನಲ್ಲಿ ನಿಂತಾಗ ಪಕ್ಕದ ಮನೆ ಅಕ್ಕ ನಿನ್ನೆ ಕಥೆ ಹೇಳೋರು, ಅವರೂ ಅರ್ಧ ನೋಡಿರೋರು. ಉಳಿದರ್ಧ ಇಬ್ಬರೂ ಸೇರಿ ಊಹೆ ಮಾಡೋರು. ಬೆಂಗಳೂರಿನ ಮಾವ ಮನೆಗೆ ಫೈಬರ್ ಹಾಕಿಸಿಕೊಂಡ ಮೇಲೆ ಅವರ ರೆಕಾರ್ಡಿಂಗ್ ಬಾಕ್ಸ್ ನಮ್ಮ ಮನೆಗೆ ಬಂತು. ಯಾವ ಕಂಪನಿ ಅಂತ ಬೇಡ ಬಿಡಿ.

ಈಗ ಅಮ್ಮ ಸೀರಿಯಲ್ ನೋಡೋದು ರಾತ್ರಿ ಒಂಬತ್ತೂವರೆಗೆ. ಎಲ್ಲರ ಊಟ ಆಗಿ, ಪಾತ್ರೆ ಎತ್ತಿಟ್ಟು, ಕಾಲು ಚಾಚಿಕೊಂಡು. ಮಧ್ಯೆ ಯಾರಾದರೂ ಕೂಗಿದರೆ ಪಾಸ್. ಜಾಹೀರಾತು ಬಂದರೆ ಓಡಿಸ್ತಾರೆ. ನಿಯಮದ ಪ್ರಕಾರ ಟಿವಿಯಲ್ಲಿ ಗಂಟೆಗೆ 12 ನಿಮಿಷ ಜಾಹೀರಾತು ಹಾಕಬಹುದು. ಅಂದರೆ ಅರ್ಧ ಗಂಟೆಗೆ ಆರು, ವಾರಕ್ಕೆ ಆರು ಕಂತಾದರೆ 36 ನಿಮಿಷ. ಅಷ್ಟು ಹೊತ್ತು ಅಮ್ಮನ ಲೆಕ್ಕದಲ್ಲಿ ಉಳಿಯಿತು. ನಿಮಗಿದು ಸಣ್ಣದು ಅನ್ನಿಸಬಹುದು. ದಿನವಿಡೀ ಹಸು, ಒಲೆ, ಡೇರಿ, ತೋಟ ಅಂತ ಬೇರೆಯವರ ಟೈಮ್ ಟೇಬಲ್ ಮೇಲೆ ಓಡೋರಿಗೆ, ತಾನು ಹೇಳಿದ ಹೊತ್ತಿಗೆ ಶುರುವಾಗೋ ವಸ್ತು ಮನೇಲಿ ಇನ್ನೊಂದಿಲ್ಲ. ಸೀರಿಯಲ್ ಕೆಟ್ಟವು, ಅತ್ತೆ ಸೊಸೆ ಜಗಳ ಬಿಟ್ಟು ಬೇರೇನಿಲ್ಲ ಅನ್ನೋ ಲೇಖನವನ್ನ ಬೇರೆ ಯಾರಾದರೂ ಬರೀಲಿ. ಏನು ನೋಡ್ತಾರೆ ಅನ್ನೋದು ಅವರಿಷ್ಟ. ಯಾವಾಗ ನೋಡ್ತಾರೆ ಅನ್ನೋದೂ ಅವರಿಷ್ಟ ಆಗಬೇಕು, ನಾನು ಹೇಳ್ತಿರೋದು ಅಷ್ಟೇ.

ಇದನ್ನ ಸೆಟ್ ಮಾಡೋದರಲ್ಲಿ ನಮ್ಮಂಥವರಿಗೆ ಮಜಾ ಕೊಡೋ ಭಾಗ ಇದೆ. ನಮ್ಮ ಬಾಕ್ಸಿನಲ್ಲಿ ಎರಡು ಟ್ಯೂನರ್. ಅಂದರೆ ಒಂದೇ ಹೊತ್ತಿಗೆ ಎರಡು ಚಾನೆಲ್ ಹಿಡಿಯಬಹುದು. ಅಮ್ಮನ ಸೀರಿಯಲ್, ಅಜ್ಜಿಯ ಸೀರಿಯಲ್, ಅಪ್ಪನ ಚರ್ಚೆ ಮೂರೂ ಬೇರೆ ಬೇರೆ ಚಾನೆಲ್‌ನಲ್ಲಿ ಒಂದೇ ಹೊತ್ತಿಗೆ ಬಂದರೆ ಒಂದು ಬಿಡಲೇಬೇಕು. ಅಲ್ಗಾರಿದಮ್ ಪೇಪರಿಗೆ ಆಕ್ಟಿವಿಟಿ ಸೆಲೆಕ್ಷನ್ ಅಂತ ಓದ್ತೀವಲ್ಲ, ಬೇಗ ಮುಗಿಯೋದನ್ನ ಮೊದಲು ತಗೋ, ಒಟ್ಟು ಸಂಖ್ಯೆ ಜಾಸ್ತಿ ಆಗುತ್ತೆ ಅಂತ, ಅದು ಇಲ್ಲಿ ಕೆಲಸಕ್ಕೆ ಬರಲ್ಲ. ನಮ್ಮ ಮನೇಲಿ ಅಜ್ಜಿಯ ಒಂದು ಸೀರಿಯಲ್‌ಗೆ ಉಳಿದವರ ಮೂರು ಕಾರ್ಯಕ್ರಮ ಸಮ ಅಲ್ಲ. ಹಾಗಾಗಿ ಇಂಥ ಬಾಕ್ಸ್‌ಗಳು ಎಣಿಕೆ ಬಿಟ್ಟು ಆದ್ಯತೆ ಪಟ್ಟಿ ಇಟ್ಟುಕೊಳ್ಳುತ್ತವೆ. ಮೇಲಿರೋದು ಗೆಲ್ಲುತ್ತೆ. ಪಟ್ಟಿಯಲ್ಲಿ ಯಾರ ಹೆಸರು ಮೇಲಿರಬೇಕು ಅನ್ನೋದನ್ನ ಯಾವ ಪ್ರೊಫೆಸರೂ ಹೇಳಿಕೊಡಲ್ಲ, ಅದು ಅಡುಗೆಮನೆಯಲ್ಲಿ ತೀರ್ಮಾನ ಆಗೋದು.

ಇನ್ನೊಂದು ಒಳಸುಳಿ ಇದೆ. ಚಾನೆಲ್ ಗಡಿಯಾರ ಒಂದೆರಡು ನಿಮಿಷ ಆಚೀಚೆ ಇರೋದರಿಂದ ಶುರುವಿಗೆ ಎರಡು ನಿಮಿಷ, ಕೊನೆಗೆ ಐದು ನಿಮಿಷ ಸೇರಿಸಿಕೊಂಡು ರೆಕಾರ್ಡ್ ಮಾಡೋ ಸೌಲಭ್ಯ ತುಂಬ ಬಾಕ್ಸ್‌ಗಳಲ್ಲಿದೆ. ಒಳ್ಳೇದೇ. ಆದರೆ 6.30ರದ್ದು 7.05ರ ತನಕ ಟ್ಯೂನರ್ ಹಿಡಿದುಕೊಂಡು ಕೂತರೆ, ಬೇರೆ ಚಾನೆಲ್‌ನ 7 ಗಂಟೆಯದಕ್ಕೆ ಎರಡನೇ ಟ್ಯೂನರ್ ಬೇಕಾಗುತ್ತೆ. ಮೊದಲಿಲ್ಲದ ಜಗಳ ಹುಟ್ಟಿಕೊಳ್ಳುತ್ತೆ. ಇದಕ್ಕೆ ಸುಲಭದ ದಾರಿ ಒಂದಿದೆ. ಕನ್ನಡ ಚಾನೆಲ್‌ಗಳು ರಾತ್ರಿಯ ಕಂತನ್ನ ಮಾರನೇ ದಿನ ಬೆಳಗ್ಗೆಯೋ ಮಧ್ಯಾಹ್ನವೋ ಮತ್ತೆ ಹಾಕ್ತವೆ. ಆ ಹೊತ್ತಲ್ಲಿ ಎರಡೂ ಟ್ಯೂನರ್ ಖಾಲಿ. ಅರ್ಜೆಂಟ್ ಇಲ್ಲದವರ ಸೀರಿಯಲ್ಲನ್ನ ಮರುಪ್ರಸಾರಕ್ಕೆ ಹಾಕಿಬಿಟ್ಟರೆ ಸಂಜೆ ಯಾರಿಗೂ ಬೇಜಾರಿಲ್ಲ. ಊರಿಗೆ ಹೋದಾಗ ಇದೊಂದು ಮಾಡಿಕೊಟ್ಟು ಬನ್ನಿ, ಮನೇಲಿ ನಿಮ್ಮ ಸಿಜಿಪಿಎ ಬಗ್ಗೆ ಎರಡು ದಿನ ಯಾರೂ ಕೇಳಲ್ಲ.

ಅಮೆರಿಕದ ಡಿಶ್ ನೆಟ್‌ವರ್ಕ್‌ನವರು 2012ರಲ್ಲಿ ಹಾಪರ್ ಅಂತ ಒಂದು ಬಾಕ್ಸ್ ತಂದರು. ಅದು ಒಂದೇ ಟ್ಯೂನರ್‌ನಲ್ಲಿ ನಾಲ್ಕು ದೊಡ್ಡ ಚಾನೆಲ್‌ಗಳ ಸಂಜೆಯ ಕಾರ್ಯಕ್ರಮಗಳನ್ನೆಲ್ಲ ತಾನಾಗೇ ಹಿಡಿದಿಡುತ್ತಿತ್ತು. ಮ್ಯಾಜಿಕ್ ಏನಿಲ್ಲ. ಒಂದು ಟ್ಯೂನರ್ ಹಿಡಿಯೋದು ಒಂದು ಚಾನೆಲ್ಲನ್ನಲ್ಲ, ಒಂದು ಟ್ರಾನ್ಸ್‌ಪಾಂಡರ್ ಅನ್ನ. ಅದರೊಳಗೆ ಹತ್ತಾರು ಚಾನೆಲ್ ಒಟ್ಟಿಗೆ ಕಟ್ಟಿ ಬಂದಿರುತ್ತವೆ. ಆ ನಾಲ್ಕನ್ನೂ ಒಂದೇ ಕಟ್ಟಿನಲ್ಲಿ ಕಳಿಸಿದರು, ಬಾಕ್ಸ್ ನಾಲ್ಕನ್ನೂ ಬಿಡಿಸಿಕೊಂಡಿತು. ಮನಸ್ಸಿದ್ದರೆ ಮಾರ್ಗ ಇತ್ತು ಅನ್ನೋದಕ್ಕೆ ಈ ಮಾತು ತೆಗೆದೆ. ಯಾಕಂದ್ರೆ ಮುಂದೆ ಹೇಳೋ ವಿಷಯಕ್ಕೂ ಮನಸ್ಸಿದ್ದರೆ ಮಾರ್ಗ ಇದೆ.

ನನ್ನ ನಿಜವಾದ ತಕರಾರು ಇದು. ನಮ್ಮ ಬಾಕ್ಸಿನಲ್ಲಿ ಎಲ್ಲ ಇಂಗ್ಲಿಷ್. ಗೈಡ್ ಇಂಗ್ಲಿಷ್, ಸೀರಿಯಲ್ ಹೆಸರು ಇಂಗ್ಲಿಷ್ ಅಕ್ಷರದಲ್ಲಿ, ರೆಕಾರ್ಡ್ ಆದವುಗಳ ಪಟ್ಟಿಯೂ ಇಂಗ್ಲಿಷ್. ನಮ್ಮಜ್ಜಿ ದಿನಾ ಬೆಳಗ್ಗೆ ಕನ್ನಡಕ ಏರಿಸಿ ಪೇಪರನ್ನ ಮೊದಲ ಪುಟದಿಂದ ಶ್ರದ್ಧಾಂಜಲಿ ತನಕ ಓದೋರು. ನನಗಿಂತ ವೇಗವಾಗಿ ಕನ್ನಡ ಓದ್ತಾರೆ, ಅದರಲ್ಲಿ ಅನುಮಾನ ಬೇಡ. ನಾನು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಮ್. ಆದರೆ ಟಿವಿ ಮುಂದೆ ಕೂತಾಗ ಓದು ಬರದವರು ಅವರು, ಬಲ್ಲವನು ನಾನು. ಇದು ಯಾವ ನ್ಯಾಯ?

ಅಜ್ಜಿ ತಮ್ಮ ಸೀರಿಯಲ್ಲನ್ನ ಹುಡುಕೋದು ಜಾಗದ ಮೇಲೆ. "ಮೇಲಿಂದ ಮೂರನೇದು ನಂದು." ಆದರೆ ಹೊಸ ರೆಕಾರ್ಡಿಂಗ್ ಬಂದು ಮೇಲೆ ಕೂತರೆ ಮೂರನೇದು ನಾಲ್ಕನೇದಾಗುತ್ತೆ. ಆಗ ನನಗೆ ಫೋನ್. ನಾನು ಲ್ಯಾಬ್‌ನಿಂದ ಹೊರಗೆ ಬಂದು ಕಾರಿಡಾರ್‌ನಲ್ಲಿ ನಿಂತು ಹೇಳಿಕೊಡಬೇಕು.

"ಮಗ, ಮೂರನೇದು ಎಲ್ಲೋಯ್ತೋ?"

"ಕೆಳಗೆ ಒಂದು ಸಲ ಒತ್ತಜ್ಜಿ."

"ಒತ್ತಿದೆ ಕಣೋ. ಏನೋ ಬಂತು, ಇಂಗ್ಲಿಷಲ್ಲಿ."

"ಎಷ್ಟು ಸಾಲಿದೆ?"

"ಎರಡು. ಕೆಳಗೊಂದು ಹಳದಿ ಪಟ್ಟಿ."

ಆ ಹಳದಿ ಪಟ್ಟಿ ಏನು ಅಂತ ನನಗೆ ಗೊತ್ತು. ಎರಡು ರೆಕಾರ್ಡಿಂಗ್ ನಡೀತಿವೆ, ಮೂರನೆಯದಕ್ಕೆ ಜಾಗ ಇಲ್ಲ, ಯಾವುದನ್ನ ಬಿಡಲಿ ಅಂತ ಬಾಕ್ಸ್ ಕೇಳ್ತಿದೆ. ಸುಮ್ಮನೆ ಓಕೆ ಒತ್ತಿದರೆ ಮೊದಲನೆಯದು ರದ್ದು. ಮನೇಲಿ ಎಲ್ಲರಿಗಿಂತ ಹಿರಿಯರು, ಯಾವ ಸೀರಿಯಲ್ ಬಿಡಬೇಕು ಅನ್ನೋ ತೀರ್ಮಾನ ಅವರದ್ದೇ ಆಗಬೇಕು. ಪ್ರಶ್ನೆ ಕೇಳಿದ್ದು ಅವರನ್ನೇ. ಅವರಿಗೆ ಅರ್ಥವಾಗದ ಭಾಷೇಲಿ ಕೇಳಿತು. ಅಜ್ಜಿ ಈಗ ಏನು ಮಾಡ್ತಾರೆ ಗೊತ್ತಾ? ಹಳದಿ ಪಟ್ಟಿ ಬಂದರೆ ಟಿವಿ ಸ್ವಿಚ್ಚೇ ಆಫ್ ಮಾಡಿ ಒಳಗೆ ಹೋಗ್ತಾರೆ.

ಇದು ಟೆಕ್ನಿಕಲ್ ಆಗಿ ಆಗಲ್ಲ ಅನ್ನೋರಿಗೆ ಸ್ವಲ್ಪ ಲೆಕ್ಕ ಕೊಡ್ತೀನಿ. ಡಿಶ್ ಸಿಗ್ನಲ್‌ನ ಜೊತೆ ಬರೋ ಪಟ್ಟಿಯ ರೂಪ ಹೇಗಿರಬೇಕು ಅಂತ ಡಿವಿಬಿ ಮಾನದಂಡದಲ್ಲಿ ಬರೆದಿಟ್ಟಿದ್ದಾರೆ, ಇಎನ್ 300 468 ಅಂತ ಅದರ ನಂಬರ್. ಅದರಲ್ಲಿ ಪಠ್ಯದ ಮೊದಲ ಬೈಟ್ ನೋಡಿ ಯಾವ ಲಿಪಿ ಪದ್ಧತಿ ಅಂತ ಬಾಕ್ಸ್ ತಿಳ್ಕೊಳ್ಳುತ್ತೆ. ಹೆಕ್ಸ್‌ನಲ್ಲಿ 15 ಇದ್ದರೆ ಮುಂದೆ ಬರೋದು ಯುಟಿಎಫ್-8. ಯೂನಿಕೋಡ್‌ನ 1991ರ ಮೊದಲ ಆವೃತ್ತಿಯಿಂದಲೇ ಕನ್ನಡ ಇದೆ. "ಥಟ್ ಅಂತ ಹೇಳಿ" ಅನ್ನೋ ಹೆಸರನ್ನ ಯುಟಿಎಫ್-8ರಲ್ಲಿ ಬರೆದರೆ 32 ಬೈಟ್ ಆಗುತ್ತೆ, ಕನ್ನಡದ ಒಂದೊಂದು ಸಂಕೇತಕ್ಕೆ ಮೂರು ಬೈಟಿನಂತೆ, ಎರಡು ಸ್ಪೇಸ್ ಸೇರಿ. ಕಾರ್ಯಕ್ರಮದ ಹೆಸರು, ಪುಟ್ಟ ವಿವರ ಎರಡಕ್ಕೂ ಸೇರಿ ಇರೋ ಜಾಗ ಸುಮಾರು 250 ಬೈಟ್. ಆರಾಮಾಗಿ ಕೂರುತ್ತೆ. ಒತ್ತಕ್ಷರ ಸರಿಯಾಗಿ ಮೂಡಿಸೋಕೆ ಒಳ್ಳೆ ಫಾಂಟು, ಅಕ್ಷರ ಜೋಡಿಸೋ ಸಾಫ್ಟ್‌ವೇರು ಬೇಕು, ಹಳೇ ಬಾಕ್ಸ್‌ಗಳ ಚಿಕ್ಕ ಮೆಮೊರಿಗೆ ಅದು ಭಾರ, ಒಪ್ತೀನಿ. ಆದರೆ ಅಗ್ಗದ ಮೊಬೈಲ್‌ನಲ್ಲೂ ಕನ್ನಡ ಚೆನ್ನಾಗಿ ಮೂಡೋ ಈ ಕಾಲದಲ್ಲಿ ಆ ನೆಪ ನಡೆಯಲ್ಲ.

ಕನ್ನಡದ ಹೆಸರನ್ನ ಇಂಗ್ಲಿಷ್ ಅಕ್ಷರದಲ್ಲಿ ಬರೆಯೋದರಿಂದ ಅಜ್ಜಿಗೆ ಮಾತ್ರ ಅಲ್ಲ, ಬಾಕ್ಸಿಗೂ ಕಷ್ಟ. ಸೀರಿಯಲ್‌ಗೆ ಅಂತ ಬೇರೆ ಗುರುತಿನ ಸಂಖ್ಯೆ ಕಳಿಸದೇ ಇದ್ದರೆ ಬಾಕ್ಸ್ ಹೆಸರಿನ ಅಕ್ಷರ ಹೋಲಿಸಿ ನೋಡಬೇಕು. ಥಟ್ ಅನ್ನೋದಕ್ಕೆ ಒಂದು ಟಿಯೋ ಎರಡೋ, ಅಂತ ಅನ್ನೋದಕ್ಕೆ ಎಚ್ ಬೇಕೋ ಬೇಡವೋ, ಪಟ್ಟಿ ಟೈಪ್ ಮಾಡೋರಿಗೆ ಆ ದಿನ ಏನನ್ನಿಸಿತೋ ಅದು. ಒಂದು ಅಕ್ಷರ ಬದಲಾದರೆ ಬಾಕ್ಸಿಗೆ ಅದು ಬೇರೆ ಕಾರ್ಯಕ್ರಮ, ಆ ವಾರದ ಕಂತು ಹೋಯ್ತು. ಕನ್ನಡದಲ್ಲಿ ಬರೆದರೆ ಈ ಗೊಂದಲ ಎಷ್ಟೋ ಕಮ್ಮಿ.

ಎರಡನೇ ತಕರಾರು ಬೀಗದ್ದು. ಒಂದು ತಿಂಗಳು ನಮ್ಮ ರೀಚಾರ್ಜ್ ಮುಗಿದಾಗ ಹೊಸ ಚಾನೆಲ್ ಬರಲಿಲ್ಲ, ಅದು ಸರಿ. ಆದರೆ ಹಿಂದಿನ ತಿಂಗಳು ದುಡ್ಡು ಕೊಟ್ಟು ನೋಡುತ್ತಿದ್ದಾಗ ರೆಕಾರ್ಡ್ ಮಾಡಿಟ್ಟಿದ್ದೂ ತೆರೆಯಲಿಲ್ಲ. ಡಿಸ್ಕಿನಲ್ಲಿ ಇರೋದೆಲ್ಲ ಎನ್‌ಕ್ರಿಪ್ಟ್ ಆಗಿರುತ್ತೆ, ಕೀಲಿ ಬಾಕ್ಸಿಗೂ ಕಾರ್ಡಿಗೂ ಅಂಟಿಕೊಂಡಿರುತ್ತೆ. ಬೇರೆ ಕಂಪ್ಯೂಟರಿಗೆ ಹಾಕಿದರೆ ಬರೀ ಕಸ. ನಮ್ಮ ಕಾನೂನು ಇಷ್ಟು ಕಂಜೂಸ್ ಅಲ್ಲ. 1957ರ ಕಾಪಿರೈಟ್ ಕಾಯ್ದೆಯ 39ನೇ ಸೆಕ್ಷನ್ ಓದಿ ನೋಡಿ. ಸ್ವಂತ ಬಳಕೆಗೆ, ಅಥವಾ ಪ್ರಾಮಾಣಿಕವಾದ ಬೋಧನೆಗೆ, ಸಂಶೋಧನೆಗೆ ಅಂತ ಮಾಡಿಕೊಂಡ ರೆಕಾರ್ಡಿಂಗ್ ಪ್ರಸಾರ ಮಾಡಿದವರ ಹಕ್ಕಿನ ಉಲ್ಲಂಘನೆ ಅಲ್ಲ ಅಂತ ಅದರಲ್ಲಿದೆ. ಕಾಯ್ದೆ ಕೊಟ್ಟಿದ್ದನ್ನ ಬಾಕ್ಸ್ ಕಿತ್ತುಕೊಂಡಿದೆ, ಯಾರೂ ಕೇಳಲಿಲ್ಲ.

ರೆಕಾರ್ಡ್ ಮಾಡಿಟ್ಟು ಏನು ಮಾಡ್ತೀಯ, ಯಾರಿಗೆ ಬೇಕು ಅದು ಅಂತ ನನ್ನ ರೂಮ್‌ಮೇಟ್ ಕೇಳ್ತಾನೆ. ಬಿಬಿಸಿಯವರೂ 1960, 70ರ ದಶಕಗಳಲ್ಲಿ ಹಾಗೇ ಅಂದುಕೊಂಡು ಡಾಕ್ಟರ್ ಹೂ ಸರಣಿಯ ಟೇಪುಗಳನ್ನ ಅಳಿಸಿಹಾಕಿದರು. ತೊಂಬತ್ತಕ್ಕೂ ಹೆಚ್ಚು ಕಂತುಗಳ ಚಿತ್ರ ಇವತ್ತಿಗೂ ಸಿಕ್ಕಿಲ್ಲ. ಆದರೆ ಅಷ್ಟೂ ಕಂತುಗಳ ಧ್ವನಿ ಉಳಿದಿದೆ. ಹೇಗೆ? ಅಭಿಮಾನಿಗಳು ಮನೇಲಿ ಟಿವಿ ಮುಂದೆ ಟೇಪ್ ರೆಕಾರ್ಡರ್ ಇಟ್ಟು ಹಿಡಿದಿಟ್ಟಿದ್ದರು. ಫಿಲಡೆಲ್ಫಿಯಾದಲ್ಲಿ ಮೇರಿಯನ್ ಸ್ಟೋಕ್ಸ್ ಅನ್ನೋ ಮಹಿಳೆ 1970ರ ದಶಕದ ಕೊನೆಯಿಂದ 2012ರಲ್ಲಿ ಸಾಯೋ ತನಕ ಟಿವಿ ಸುದ್ದಿಯನ್ನ ಹಗಲೂ ರಾತ್ರಿ ರೆಕಾರ್ಡ್ ಮಾಡಿದರು, ಹತ್ತಾರು ಸಾವಿರ ಟೇಪು. ಅವು ಈಗ ಇಂಟರ್ನೆಟ್ ಆರ್ಕೈವ್ ಪಾಲಿಗೆ ಬಂದಿವೆ. ಇವರು ಯಾರೂ ದೊಡ್ಡ ಸಂಸ್ಥೆಗಳಲ್ಲ. ಮನೆಯ ರೆಕಾರ್ಡರ್‌ಗಳು.

ಈಗ ಆ್ಯಪ್ ವಿಷಯಕ್ಕೆ ಬರೋಣ, ಇಲ್ಲದಿದ್ದರೆ ತಪ್ಪಿಸಿಕೊಂಡ ಅಂತೀರಿ. ಹೌದು, ದೊಡ್ಡ ಚಾನೆಲ್‌ಗಳ ಸೀರಿಯಲ್ ಆ್ಯಪ್‌ನಲ್ಲಿ ಸಿಗುತ್ತೆ. ನೆಟ್ ಚೆನ್ನಾಗಿದ್ದರೆ ಅದೇ ಸುಲಭ. ನಮ್ಮೂರಲ್ಲಿ ಮನೆಯೊಳಗೆ ಸಿಗ್ನಲ್ ಒಂದು ಕಡ್ಡಿ, ಅದೂ ಕಿಟಕಿ ಪಕ್ಕ. ಆ್ಯಪ್‌ನಲ್ಲಿ ಇವತ್ತಿರೋದು ಮುಂದಿನ ವರ್ಷ ಇರಬೇಕು ಅಂತ ರೂಲ್ಸ್ ಇಲ್ಲ, ತೆಗೆಯುವಾಗ ನಮ್ಮನ್ನ ಕೇಳಿ ತೆಗೆಯಲ್ಲ. ಮುಖ್ಯವಾಗಿ, ಆ್ಯಪ್ ತೆರೆದ ಕೂಡಲೇ ಅದು ತನಗೆ ಬೇಕಾದ್ದನ್ನ ಮುಂದೆ ಹಿಡಿಯುತ್ತೆ. ಬಾಕ್ಸಿಗೆ ಅಮ್ಮ ಹೇಳಿದ್ದಷ್ಟೇ ಗೊತ್ತು. ಹೇಳಿದ್ದನ್ನ ಮಾಡಿಟ್ಟು ಸುಮ್ಮನೆ ಕೂತಿರುತ್ತೆ, ಇನ್ನೂ ಹತ್ತು ನೋಡು ಅಂತ ಪೀಡಿಸಲ್ಲ. (ಟಿವೋ ಒಂದು ಕಾಲದಲ್ಲಿ ನಿಮ್ಮ ರುಚಿ ಊಹೆ ಮಾಡಿ ಕೇಳದೆ ಕೆಲವನ್ನ ರೆಕಾರ್ಡ್ ಮಾಡಿಡ್ತಿತ್ತು, ಆ ಚಾಳಿ ಅಲ್ಲಿಂದಲೇ ಶುರು ಅನ್ನಬಹುದು. ಆದರೂ ಅದು ಖಾಲಿ ಜಾಗದಲ್ಲಿ ಮಾತ್ರ, ನೀವು ಹೇಳಿದ್ದನ್ನ ಅಳಿಸಿ ಅಲ್ಲ.)

ಡಿಶ್‌ಗೂ ಕಷ್ಟಗಳಿವೆ, ಮುಚ್ಚಿಡೋದು ಏನಿದೆ. ಕೆಯು ಬ್ಯಾಂಡ್ ಸಿಗ್ನಲ್‌ಗೆ ಜೋರು ಮಳೆ ಆಗಿಬರಲ್ಲ. ಜುಲೈ ತಿಂಗಳಲ್ಲಿ ನಮ್ಮ ಕಡೆ ಹಿಡಿದುಕೊಂಡರೆ ಆ ಹತ್ತು ನಿಮಿಷ ರೆಕಾರ್ಡಿಂಗ್‌ನಲ್ಲಿ ಬರೀ ಚೌಕ ಚೌಕ. ಕರೆಂಟ್ ಹೋದರೆ ಅಷ್ಟೂ ಹೋಯ್ತು. ಅಪ್ಪ ಮಲಗೋ ಮುಂಚೆ ಮನೆಯ ಎಲ್ಲ ಸ್ವಿಚ್ ಆಫ್ ಮಾಡೋರು, ಬಾಕ್ಸಿನದ್ದೂ ಸೇರಿ, ಬೆಳಗಿನ ಮರುಪ್ರಸಾರ ಹಿಡಿಯೋದು ಹೇಗೆ? ಸುಮ್ಮನಿದ್ದಾಗ 15 ವ್ಯಾಟ್ ಎಳೆಯುತ್ತೆ ಅಂದುಕೊಂಡರೂ ತಿಂಗಳಿಗೆ ಸುಮಾರು 11 ಯೂನಿಟ್. ಅಪ್ಪನಿಗೆ ಈ ಲೆಕ್ಕ ಕೊಟ್ಟೆ. "ಅದೂ ದುಡ್ಡೇ ಅಲ್ವೇನೋ" ಅಂದರು. ಆಮೇಲೆ ಅಮ್ಮ ಏನೋ ಹೇಳಿದರು, ಈಗ ಆ ಸ್ವಿಚ್ ಒಂದನ್ನ ಯಾರೂ ಮುಟ್ಟಲ್ಲ.

ಹಾಗಾದರೆ ನಾವೇನು ಮಾಡಬಹುದು? ಬೀಗವೂ ಇಲ್ಲದ, ತಿಂಗಳ ಚಂದಾವೂ ಇಲ್ಲದ ಒಂದು ದಾರಿ ಆಕಾಶದಲ್ಲೇ ಇದೆ. ದೂರದರ್ಶನದ ಫ್ರೀ ಡಿಶ್. ಅದು ಬರೋದು ಜಿಸ್ಯಾಟ್-15 ಉಪಗ್ರಹದಿಂದ, 93.5 ಡಿಗ್ರಿ ಪೂರ್ವದಲ್ಲಿ, 36,000 ಕಿಲೋಮೀಟರ್ ಎತ್ತರದಲ್ಲಿ ನಿಂತಿದೆ. ಇಸ್ರೋದ ಇಂಥ ಉಪಗ್ರಹಗಳನ್ನ ಅವುಗಳ ಜಾಗದಲ್ಲಿ ನಿಲ್ಲಿಸಿ ನೋಡಿಕೊಳ್ಳೋರು ನಮ್ಮ ಹಾಸನದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿಯವರು, ಸಾಲಗಾಮೆ ರಸ್ತೆಯಲ್ಲಿ. ಊರಿಗೆ ಹೋಗುವಾಗ ಹಾಸನದಲ್ಲಿ ಇಳಿದು ಬಸ್ ಬದಲಾಯಿಸೋ ನನಗೆ, ಅಜ್ಜಿಯ ಟಿವಿಯ ಒಂದು ತುದಿ ಅಲ್ಲೇ ಇದೆ ಅನ್ನೋದು ಈಗಲೂ ಆಶ್ಚರ್ಯ. ಫ್ರೀ ಡಿಶ್‌ನಲ್ಲಿ ಚಂದನ ಬರುತ್ತೆ. 2002ರಿಂದ ಡಾ. ನಾ. ಸೋಮೇಶ್ವರ ಅವರು ನಡೆಸಿಕೊಂಡು ಬಂದಿರೋ ಥಟ್ ಅಂತ ಹೇಳಿ ಬರೋದು ಅದರಲ್ಲೇ. ಕನ್ನಡದ ಬಗ್ಗೆ ಕ್ವಿಜ್ ಮಾಡ್ತೀವಿ ಅನ್ನೋ ನಮ್ಮ ಸಂಘದ ಹತ್ತಿರ ಅದರ ಒಂದೇ ಒಂದು ಕಂತಿನ ರೆಕಾರ್ಡಿಂಗ್ ಇಲ್ಲ.

ಟಿವಿಹೆಡೆಂಡ್ ಅಂತ ಒಂದು ಓಪನ್ ಸೋರ್ಸ್ ಸಾಫ್ಟ್‌ವೇರ್ ಇದೆ. ಯುಎಸ್‌ಬಿ ಟ್ಯೂನರ್ ಒಂದು, ರಾಸ್ಪ್‌ಬೆರಿ ಪೈ ಒಂದು, ಹಳೇ ಹಾರ್ಡ್ ಡಿಸ್ಕ್ ಒಂದು ಇದ್ದರೆ ಅದು ಪೂರ್ತಿ ರೆಕಾರ್ಡಿಂಗ್ ಬಾಕ್ಸ್ ಆಗುತ್ತೆ. ಅದರಲ್ಲಿ ಆಟೋರೆಕ್ ಅಂತ ನಿಯಮ ಬರೆದಿಡಬಹುದು, ಹೆಸರಿಗೆ ರೆಗ್ಯುಲರ್ ಎಕ್ಸ್‌ಪ್ರೆಷನ್ ಕೊಟ್ಟು. ಒಂದು ಟಿ ಇದ್ದರೂ ಎರಡು ಟಿ ಇದ್ದರೂ ಹಿಡಿ ಅಂತ ಒಂದೇ ಸಾಲಿನಲ್ಲಿ ಹೇಳಬಹುದು. ಕಂಪ್ಯೂಟೇಶನ್ ಥಿಯರಿ ಕ್ಲಾಸಿನಲ್ಲಿ ಇದರಿಂದ ಏನುಪಯೋಗ ಅಂತ ಕೇಳಿದವರು ಇಲ್ಲಿ ಬನ್ನಿ. ಅದರ ಮೇಲೆ ಒಂದು ಪರದೆ, ಪೂರ್ತಿ ಕನ್ನಡದಲ್ಲಿ. ದೊಡ್ಡ ಅಕ್ಷರ. "ಇದೊಂದು ಕಂತು ಸಾಕಾ, ದಿನಾ ಬೇಕಾ?" "ಎರಡು ಆಗಲೇ ನಡೀತಿವೆ, ಯಾವುದು ಬಿಡಲಿ?" ಅಂತ ಮನೆಯವರು ಕೇಳಿದ ಹಾಗೆ ಕೇಳಬೇಕು. "ಮುದ್ರಣ ಸಂಘರ್ಷ ಪರಿಹಾರ" ಅಂತೆಲ್ಲ ಬರೆದರೆ ಅಜ್ಜಿ ಮತ್ತೆ ಸ್ವಿಚ್ ಆಫ್ ಮಾಡ್ತಾರೆ, ಅದು ಇಂಗ್ಲಿಷಿಗಿಂತ ಕೆಟ್ಟದು. ಕೋಡ್ ನಾನು, ನನ್ನ ರೂಮ್‌ಮೇಟ್ ನೋಡ್ಕೊಳ್ತೀವಿ (ನಗ್ತಾನೆ, ಆದರೆ ಬರ್ತಾನೆ). ಆ ವಾಕ್ಯಗಳನ್ನ ಬರೆಯೋಕೆ ಸಂಘದಲ್ಲಿ ನನಗಿಂತ ಒಳ್ಳೆ ಕನ್ನಡ ಬರೋರು ಬೇಕು, ಹಳ್ಳಿಯಿಂದ ಬಂದವರಾದರೆ ಇನ್ನೂ ಒಳ್ಳೇದು.

ಹಾಸ್ಟೆಲ್ ಟೆರೇಸ್ ಮೇಲೆ ನೀರಿನ ಟ್ಯಾಂಕ್ ಪಕ್ಕ ಒಂದು ಹಳೇ ಡಿಶ್ ಬಿದ್ದಿದೆ, ನೋಡಿರಬಹುದು, ಅದರ ಮೇಲೆ ಯಾರೋ ಬನಿಯನ್ ಒಣಗಿಸ್ತಾರೆ. ಅದನ್ನ ಆಗ್ನೇಯಕ್ಕೆ ತಿರುಗಿಸಿ, ಎಲ್‌ಎನ್‌ಬಿ ಇನ್ನೂ ಜೀವಂತ ಇದೆಯಾ ಅಂತ ನೋಡಬೇಕು. ವಾರ್ಡನ್ ಹತ್ತಿರ ಟೆರೇಸ್ ಕೀ ಕೇಳಿದ್ದೀವಿ. ಶನಿವಾರ ಇಂಟರ್ನಲ್ಸ್ ಮುಗಿದ ಮೇಲೆ, ನಾಲ್ಕು ಗಂಟೆಗೆ. ಬರೋರು ಒಂದು ಸ್ಪ್ಯಾನರ್ ತನ್ನಿ, ಬನಿಯನ್ ಯಾರದ್ದೋ ಅವರು ಅದನ್ನ ತಗೊಂಡು ಹೋಗಿ.